ಚೆನ್ನಾಗಿ ಓಡ್ತಿರೋ ಗಾಡೀನ ಯಾಕೆ ಬಿಚ್ತೀಯ?

ಇಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಯುಗಾದಿ ಊಟಕ್ಕೆ ಕೂತಾಗ, ಒಬ್ಬಟ್ಟಿಗೆ ಕೈ ಹಾಕುವ ಹೊತ್ತಿಗೆ ಪಕ್ಕದವರ ಕಣ್ಣು ನನ್ನ ಉಗುರಿನ ಮೇಲೆ ಬೀಳುತ್ತದೆ. ಎಷ್ಟು ತಿಕ್ಕಿದರೂ ಹೋಗದ ಕಪ್ಪು ಗ್ರೀಸು.

"ಮತ್ತೆ ಆ ಹಳೇ ಪೋರ್ಷೆನಾ? ಕೆಟ್ಟೋಯ್ತಾ?"

"ಇಲ್ಲಪ್ಪ, ಚೆನ್ನಾಗೇ ಓಡ್ತಿದೆ."

"ಮತ್ಯಾಕೆ ಬಿಚ್ಚಿದೆ?"

ಹಾಸನದಿಂದ ವಿಡಿಯೋ ಕಾಲ್ ಮಾಡುವ ಅಮ್ಮನದೂ ಇದೇ ರಾಗ: "ತೆಪ್ಪಗೆ ಓಡ್ತಿರೋದನ್ನ ಯಾಕೋ ಕೆದುಕ್ತೀಯ?" ಒಬ್ಬೊಬ್ಬರಿಗೂ ಒಂದೊಂದು ತುಂಡು ಉತ್ತರ ಕೊಟ್ಟು ಸಾಕಾಗಿದೆ. ಪೂರ್ತಿ ಉತ್ತರ ಒಮ್ಮೆ ಬರೆದುಬಿಡುತ್ತೇನೆ.

ನನ್ನದು 1986ರ ಪೋರ್ಷೆ 944. ಟರ್ಬೊ ಅಲ್ಲ, ಸಾದಾ ಎಂಟು ವಾಲ್ವಿನದು. ಸ್ಟುಟ್‌ಗಾರ್ಟ್‌ನ ಕಂಪನಿಯ ಹೆಸರು ಹೊತ್ತರೂ ಇದನ್ನು ಜೋಡಿಸಿದ್ದು ಇಲ್ಲಿಂದ ಉತ್ತರಕ್ಕಿರುವ ನೆಕರ್‌ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ. 1982ರಿಂದ 1991ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು 944ಗಳು ಹೊರಬಂದವು. ಮೂವತ್ತು ವರ್ಷ ದಾಟಿದ ಕಾರಾದ್ದರಿಂದ ನಂಬರ್ ಪ್ಲೇಟಿನ ಕೊನೆಯಲ್ಲಿ ಐತಿಹಾಸಿಕ ವಾಹನ ಅನ್ನುವ 'ಎಚ್' ಅಕ್ಷರ ಸಿಕ್ಕಿದೆ. ವರ್ಷಕ್ಕೆ 191 ಯೂರೋ ಚಿಲ್ಲರೆ ತೆರಿಗೆ ಕಟ್ಟಿದರೆ ಮುಗಿಯಿತು. ಖರ್ಚಿನ ಪಟ್ಟಿಯಲ್ಲಿ ಅದೊಂದೇ ಹೀಗೆ ಹೇಳಿದ ಮಾತಿಗೆ ನಿಲ್ಲುವುದು.

ಈಗ ಪ್ರಶ್ನೆಗೆ ಬರೋಣ. ಊರಿನಲ್ಲಿ ನಾವು ಕಲಿತ ಪಾಠ, ಗಾಡಿ ಸದ್ದು ಮಾಡಿದರೆ, ಹೊಗೆ ಬಿಟ್ಟರೆ, ಎಳೆಯದೆ ಹೋದರೆ ಮೆಕ್ಯಾನಿಕ್ ಹತ್ತಿರ ಒಯ್ಯಬೇಕು ಅಂತ. 944ರ ಎಂಜಿನ್ ಮುಂದಿರುವ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವುಗಳನ್ನು ಪಿಸ್ಟನ್ನುಗಳ ತಾಳಕ್ಕೆ ಕುಣಿಸುವ ರಬ್ಬರ್ ಪಟ್ಟಿ, ಈ ಪಾಠ ಕಲಿತಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಇವತ್ತು ಬೆಳಿಗ್ಗೆ ಹೇಗೆ ಓಡಿತೋ, ಹರಿಯುವ ಹಿಂದಿನ ನಿಮಿಷವೂ ಹಾಗೆಯೇ ಓಡುತ್ತದೆ. ಹರಿಯಿತೋ, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ನಿಂತುಬಿಡುತ್ತದೆ. ಪಿಸ್ಟನ್ನುಗಳಿಗೆ ಜೋಡಿಸಿದ ಕ್ರ್ಯಾಂಕ್ ಮಾತ್ರ ನಿಲ್ಲುವುದಿಲ್ಲ. ನಿಮಿಷಕ್ಕೆ 3,000 ಸುತ್ತು ಎಂದರೆ ಸೆಕೆಂಡಿಗೆ 50. ತೆರೆದೇ ಉಳಿದ ವಾಲ್ವಿಗೆ ಕೆಳಗಿನಿಂದ ಬಂದ ಪಿಸ್ಟನ್ ಗುದ್ದುತ್ತದೆ, ವಾಲ್ವ್ ಬಾಗುತ್ತದೆ. ಆಮೇಲೆ ವಾಲ್ವುಗಳಿರುವ ಎಂಜಿನ್ನಿನ ಹೆಡ್ ಇಳಿಸಲೇಬೇಕು. ಎಷ್ಟೋ 944ಗಳು ಗುಜರಿಗೆ ಹೋಗಿದ್ದು ಆ ಬಿಲ್ಲಿನ ಮುಂದೆ ಕಾರಿನ ಬೆಲೆಯೇ ಸಣ್ಣದಾಗಿ ಕಂಡದ್ದರಿಂದ.

ಹಳೇ ಕಾರಿಟ್ಟುಕೊಂಡವರಲ್ಲಿ ಬೆಲ್ಟ್ ಬದಲಾಯಿಸಲು ನಡೆದುಬಂದ ರೂಢಿ ನಾಲ್ಕು ವರ್ಷ ಅಥವಾ ಸುಮಾರು 50,000 ಕಿಲೋಮೀಟರ್, ಯಾವುದು ಮೊದಲೋ ಅದು. ನನ್ನದು ವರ್ಷಕ್ಕೆ 4,000 ಕಿಲೋಮೀಟರ್ ಓಡಿದರೆ ಹೆಚ್ಚು, ಹಾಗಾಗಿ ನಾನು ನೋಡುವುದು ಕ್ಯಾಲೆಂಡರ್ ಮಾತ್ರ. ರಬ್ಬರಿಗೆ ಓಡದೆ ನಿಂತರೂ ವಯಸ್ಸಾಗುತ್ತದೆ. ಬೆಲ್ಟಿನ ಜೊತೆಗೆ ರೋಲರ್‌ಗಳು, ಶಾಫ್ಟ್‌ಗಳ ಆಯಿಲ್ ಸೀಲ್‌ಗಳು, ವಾಟರ್ ಪಂಪ್ ಎಲ್ಲ ನೋಡಬೇಕು. ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಅದರ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟನ್ನೂ ಜೊತೆಗೆ ಕರೆದೊಯ್ಯುತ್ತದೆ. ಸೀಲಿನಿಂದ ಆಯಿಲ್ ಜಿನುಗಿದರೆ ಬೆಲ್ಟ್ ಅದರಲ್ಲೇ ನೆನೆಯುತ್ತದೆ.

ಮೊದಲ ಸಲ ನಾನೇ ಮಾಡಿದಾಗ ಎಡವಿದ್ದು ಇನ್ನೊಂದು ಬೆಲ್ಟಿನಲ್ಲಿ. ಹೌದು, ಇನ್ನೊಂದಿದೆ. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂದರೆ ಒಂದೊಂದು ಪಿಸ್ಟನ್ನೂ 100 ಮಿಲಿಮೀಟರ್ ಅಗಲ. ಸುಮ್ಮನೆ ಬಿಟ್ಟರೆ ಎಂಜಿನ್ ಗಡಗಡ ನಡುಗುತ್ತದೆ. ಆ ನಡುಕ ಹೊಡೆದುಹಾಕಲು ಬ್ಲಾಕಿನ ಎರಡು ಪಕ್ಕದಲ್ಲಿ, ಒಂದು ಮೇಲೆ ಒಂದು ಕೆಳಗೆ, ಎರಡು ಬ್ಯಾಲೆನ್ಸ್ ಶಾಫ್ಟ್ ಇಟ್ಟಿದ್ದಾರೆ. ಆ ಇನ್ನೊಂದು ಬೆಲ್ಟಿನಿಂದ ಅವು ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ, ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತವೆ. ಮೂಲ ಕಲ್ಪನೆ ಬ್ರಿಟನ್ನಿನ ಎಂಜಿನಿಯರ್ ಲ್ಯಾಂಚೆಸ್ಟರ್‌ನದು, ಅದನ್ನು ಸುಧಾರಿಸಿ ಪೇಟೆಂಟ್ ಮಾಡಿಕೊಂಡಿದ್ದು ಮಿತ್ಸುಬಿಷಿ. ಪೋರ್ಷೆಯವರು ಲೈಸೆನ್ಸ್ ಪಡೆದು ಬಳಸಿದರು. ಸ್ವಾಭಿಮಾನಕ್ಕಿಂತ ಲೆಕ್ಕಾಚಾರ ದೊಡ್ಡದು ಅನ್ನುವ ಜರ್ಮನ್ ಎಂಜಿನಿಯರುಗಳ ಬಗ್ಗೆ ನನಗೆ ಆಗಿನಿಂದ ಗೌರವ.

ಇಲ್ಲಿ ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಕೊಡುವ ಗ್ಯಾರೇಜುಗಳಿವೆ. ಅಂಥದ್ದೊಂದರಲ್ಲಿ ಶನಿವಾರ ಇಡೀ ದಿನ ಮಲಗಿ, ಕೂತು, ಬಗ್ಗಿ ಕೆಲಸ ಮುಗಿಸಿದೆ. ಫ್ಲೈವೀಲಿನ ಗುರುತು, ಕ್ಯಾಮ್ ಪುಲ್ಲಿಯ ಗುರುತು ಎರಡೂ ಕೂಡಿಸಿದ್ದೆ. ಎಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿದ್ದೆ. ಈ ಎರಡು ಸುತ್ತು ಯಾರೂ ತಪ್ಪಿಸಬಾರದು. ಏನಾದರೂ ತಪ್ಪಿದ್ದರೆ ಪಿಸ್ಟನ್ ವಾಲ್ವಿಗೆ ತಾಗಿದ್ದು ಪಾನೆಗೆ ಗೊತ್ತಾಗುತ್ತದೆ, ಸ್ಟಾರ್ಟರ್ ಮೋಟಾರಿಗೆ ಗೊತ್ತಾಗುವುದಿಲ್ಲ. ಕೀಲಿ ತಿರುಗಿಸಿದೆ, ಮೊದಲ ಸಲಕ್ಕೇ ಹತ್ತಿಕೊಂಡಿತು. ನಿಂತಲ್ಲಿ ಏನೂ ತಿಳಿಯಲಿಲ್ಲ. ರಸ್ತೆಗಿಳಿದು 3,000 ದಾಟುತ್ತಿದ್ದಂತೆ ಗೇರಿನ ಗುಂಡು ಅಂಗೈಯಲ್ಲಿ ದುಂಬಿಯ ಹಾಗೆ ಗುಂಯ್ ಅನ್ನತೊಡಗಿತು, ಕನ್ನಡಿಯಲ್ಲಿ ಹಿಂದಿನ ಕಾರಿನ ಎರಡು ದೀಪ ನಾಲ್ಕಾದವು. ವಾಪಸ್ ಬಂದು ಕವರ್ ಬಿಚ್ಚಿ ನೋಡಿದರೆ ಕೆಳಗಿನ ಶಾಫ್ಟಿನ ಗುರುತು ಎರಡು ಹಲ್ಲು ಆಚೆ. ಆ ಬೆಲ್ಟಿಗೆ ಒಳಗೂ ಹೊರಗೂ ಹಲ್ಲು. ಬಿಗಿ ಮಾಡುವಾಗ ಜಾರಿದ್ದು ನನಗೆ ಕಂಡಿರಲಿಲ್ಲ. ಬ್ಯಾಲೆನ್ಸ್ ಶಾಫ್ಟಾದ್ದರಿಂದ ನಡುಕದಲ್ಲಿ ಮುಗಿಯಿತು. ಪಕ್ಕದ ಬೆಲ್ಟಿನಲ್ಲಿ ಇದೇ ತಪ್ಪು ಮಾಡಿದ್ದರೆ ಈ ಬರಹದ ತಲೆಬರಹ ಬೇರೆ ಇರುತ್ತಿತ್ತು.

ಉಳಿದವುಗಳದ್ದೂ ಹೆಚ್ಚುಕಡಿಮೆ ಇದೇ ಸ್ವಭಾವ. ಡ್ಯಾಶ್‌ಬೋರ್ಡಿನ ಕೆಳಗೆ ಬೆಂಕಿಪೆಟ್ಟಿಗೆ ಗಾತ್ರದ ಒಂದು ರಿಲೇ ಇದೆ. ಪೆಟ್ರೋಲ್ ಪಂಪಿಗೂ ಎಂಜಿನ್ ಕಂಪ್ಯೂಟರಿಗೂ ಕರೆಂಟ್ ಹೋಗುವುದು ಅದರ ಮೂಲಕ. ಒಂದು ಜುಲೈನಲ್ಲಿ ಹೆದ್ದಾರಿಯ ಮೇಲೆ ಕಾರು ಸುಮ್ಮನಾಯಿತು. ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದವರಂತೆ ಸ್ಟಾರ್ಟಾಯಿತು. ಮನೆಗೆ ಬಂದು ರಿಲೇಯ ಡಬ್ಬಿ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದೆ. ಬೆಸುಗೆಯ ಒಂದು ಚುಕ್ಕೆಯ ಸುತ್ತ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ. ಬಿಸಿಗೆ ಹಿಗ್ಗಿ ಬಿಡುತ್ತದೆ, ತಣ್ಣಗಾದರೆ ಕೂಡುತ್ತದೆ. ಹೊಸ ಬೆಸುಗೆ ಹಾಕಿ ಅದನ್ನು ಗ್ಲೋವ್ ಬಾಕ್ಸಿನಲ್ಲಿಟ್ಟೆ, ಅದರ ಜಾಗಕ್ಕೆ ಹೊಸದು ತಂದೆ. 944 ಇರುವವರ ಗ್ಲೋವ್ ಬಾಕ್ಸ್ ತೆಗೆದು ನೋಡಿ, ಬಿಡಿ ರಿಲೇ ಇಲ್ಲದಿದ್ದರೆ ಅವರಿನ್ನೂ ಹೊಸಬರು.

ಆಯಿಲ್ ಕೂಲರಿನ ಸೀಲ್ ಹಳತಾದರೆ ಆಯಿಲ್ ಕೂಲೆಂಟಿಗೆ ಸೇರಿ ಟ್ಯಾಂಕಿನಲ್ಲಿ ಹಾಲು ಹೆಚ್ಚಾದ ಕಾಫಿ ಕಾಣುತ್ತದೆ. ಬ್ಯಾಟರಿ ಕೆಳಗಿನ ನೀರಿನ ತೂತು ಎಲೆ ಕಸದಿಂದ ಕಟ್ಟಿಕೊಂಡರೆ ಮಳೆ ನೀರು ಒಳಗಿಳಿಯುತ್ತದೆ. ಇವೆಲ್ಲ ಸಣ್ಣವು. ಕ್ಲಚ್ ಮಾತ್ರ ಸಣ್ಣದಲ್ಲ. ತೂಕ ಎರಡೂ ಕಡೆ ಸಮ ಬರಲಿ ಅಂತ ಎಂಜಿನ್ ಮುಂದೆ, ಗೇರ್ ಬಾಕ್ಸ್ ಹಿಂದೆ ಇಟ್ಟಿದ್ದಾರೆ. ತಿರುವಿನಲ್ಲಿ ಈ ಕಾರು ಕೊಡುವ ಸುಖವೆಲ್ಲ ಅಲ್ಲಿಂದಲೇ ಬರುವುದು. ಅದೇ ಕಾರಣಕ್ಕೆ ಕ್ಲಚ್ ಮುಟ್ಟಬೇಕಾದರೆ ಮೊದಲು ಸೈಲೆನ್ಸರ್ ಪೈಪು ಇಳಿಸಿ, ಎರಡನ್ನೂ ಜೋಡಿಸುವ ಉದ್ದನೆಯ ಟ್ಯೂಬನ್ನು ಹಿಂದಕ್ಕೆ ಸರಿಸಬೇಕು. ಅದೊಂದನ್ನು ನಾನು ದುಡ್ಡು ಕೊಟ್ಟು ಮಾಡಿಸಿದೆ. ನಾಚಿಕೆಯೇನಿಲ್ಲ.

ಕಳೆದ ವಾರ, ಯುಗಾದಿ ಊಟದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗೆಳೆಯನ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದ, ಹೆಂಡತಿ ಪಕ್ಕದಲ್ಲಿದ್ದಳೇನೋ.

"ಒಂದು 944 ನೋಡಿದೀನಿ ಕಣೋ. ಕೆಂಪು. ರೇಟು ತುಂಬಾ ಕಮ್ಮಿ."

"ಬೆಲ್ಟ್ ಬದಲಾಯಿಸಿದ ಬಿಲ್ ಇದೆಯಾ?"

"ಬಿಲ್ ಇಲ್ವಂತೆ. ಆದ್ರೆ ಸೂಪರಾಗಿ ಓಡುತ್ತೆ, ನಾನೇ ಓಡಿಸಿ ನೋಡ್ದೆ. ಭಾನುವಾರ ಓಡಿಸ್ಕೊಂಡು ಬರ್ತೀನಿ, ನೀನೂ ನೋಡು."

"ಓಡಿಸ್ಕೊಂಡು ಬರಬೇಡ," ಅಂದೆ. "ಟ್ರೈಲರ್ ಮೇಲೆ ಹಾಕ್ಕೊಂಡು ಬಾ."