ನಾಲ್ಕು ಕಾಲಂಗಳ ನೋಟ್‌ಬುಕ್: ಹತ್ತು ವಾರಗಳ ನಂತರ

ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ವಾರದಲ್ಲಿ ಮೂರು ಸಂಜೆ ಸ್ನಾತಕೋತ್ತರ ತರಗತಿ. ಎರಡರ ನಡುವೆ ನಾನು ಸವೆದುಹೋಗುತ್ತಿದ್ದೇನೆ ಎನ್ನಿಸಿದಾಗ ಒಂದು ನೋಟ್‌ಬುಕ್ ತಂದು ನಾಲ್ಕು ಕಾಲಂ ಎಳೆದೆ: ದೇಹ, ಬುದ್ಧಿ, ಬಾಂಧವ್ಯ, ಅಂತರಂಗ. ಈ ವಿಂಗಡಣೆ ನನ್ನ ಸ್ವಂತದ್ದೇನಲ್ಲ, ಸಮಗ್ರ ಆರೋಗ್ಯದ ಮಾತು ಬಂದಲ್ಲೆಲ್ಲ ಸಿಗುವಂಥದ್ದೇ.

ವಾರ 1–3

ದಿನಕ್ಕೆ ಹನ್ನೊಂದು ಚಟುವಟಿಕೆ, ಪ್ರತಿ ಕಾಲಂಗೂ ಹತ್ತಕ್ಕೆ ಇಷ್ಟು ಎಂದು ಅಂಕ. ಮೊದಲ ವಾರ ಉತ್ಸಾಹದಲ್ಲಿ ಕಳೆಯಿತು. ಮೂರನೆಯ ವಾರದ ಹೊತ್ತಿಗೆ ರಾತ್ರಿ ಹನ್ನೊಂದೂವರೆಗೆ ಕಣ್ಣು ಎಳೆಯುತ್ತಿರುವಾಗ ಇಪ್ಪತ್ತು ನಿಮಿಷ ಕೂತು ಅಂಕ ತುಂಬುತ್ತಿದ್ದೆ. ಒಂದು ರಾತ್ರಿಯಂತೂ ಮಾಡದ ಧ್ಯಾನಕ್ಕೆ ಟಿಕ್ ಹಾಕಿದೆ. ಯಾರಿಗೆ ಮೋಸ ಮಾಡುತ್ತಿದ್ದೆನೋ! ವಿಶ್ರಾಂತಿಗೆಂದು ಶುರು ಮಾಡಿದ್ದು ಮೂರನೆಯ ನೌಕರಿಯಾಗಿತ್ತು.

ವಾರ 4

ಅಂಕಗಳನ್ನೆಲ್ಲ ಬಿಟ್ಟು, ಬರೆದಿಟ್ಟಿದ್ದ 21 ರಾತ್ರಿಗಳನ್ನು ಮಾತ್ರ ನೋಡಿದೆ. ಆರು ಗಂಟೆಗಿಂತ ಕಡಿಮೆ ಮಲಗಿದ ರಾತ್ರಿಯ ಮರುದಿನ ಉಳಿದ ಮೂರು ಕಾಲಂಗಳೂ ಹೆಚ್ಚುಕಡಿಮೆ ಖಾಲಿ. ನಾಲ್ಕೂ ಸಮಪಾಲು ಎಂದುಕೊಂಡಿದ್ದೇ ತಪ್ಪು, ಒಂದು ಕುಸಿದರೆ ಮೂರನ್ನೂ ಎಳೆದುಕೊಂಡು ಬೀಳುತ್ತದೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು ಎಂಬುದು ನನಗೆ ಗೊತ್ತಿರದ ಸಂಗತಿಯಲ್ಲ. ಗೊತ್ತಿರದಿದ್ದದ್ದು, ನಿದ್ದೆಯನ್ನು ಕದಿಯುತ್ತಿದ್ದ ಕಳ್ಳ ಯಾರು ಎಂಬುದು.

ತರಗತಿಗೆ ಮುಂಚೆ ಸಂಜೆ ಆರಕ್ಕೆ ಕುಡಿಯುತ್ತಿದ್ದ ಕಾಫಿಯೇ ಆ ಕಳ್ಳ. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆಯ ಒತ್ತಡ ತರುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕಾಫಿಯಲ್ಲಿರುವ ಕೆಫೀನ್ ಕೂತುಬಿಡುತ್ತದೆ. ದಣಿವು ಹೋಗುವುದಿಲ್ಲ, ತಿಳಿಯುವುದಿಲ್ಲ ಅಷ್ಟೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಅಂದರೆ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟ ನನ್ನೊಳಗೆ ಎದ್ದು ಕೂತಿತ್ತು. ಮಧ್ಯಾಹ್ನ ಎರಡರ ನಂತರ ಕಾಫಿ ಬಂದ್. ಮೂರು ದಿನ ತಲೆನೋವು ಬಂತು, ನಾಲ್ಕನೆಯ ದಿನ ಹೋಯಿತು.

ವಾರ 5–6

ವ್ಯಾಯಾಮದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ ಸೂಚಿಸುತ್ತದೆ. ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕು ಎಂಬ ಹಳೆಯ ಷರತ್ತು ಅದರಲ್ಲಿಲ್ಲ. ಇದು ನನ್ನ ಪಾಲಿಗೆ ದೊಡ್ಡ ಸಮಾಧಾನ. ಮೆಟ್ಟಿಲು ಹತ್ತುವುದು, ಒಂದು ನಿಲ್ದಾಣ ಮೊದಲೇ ಬಸ್ ಇಳಿದು ಚುರುಕಾಗಿ ನಡೆಯುವುದು, ಎಲ್ಲವೂ ಲೆಕ್ಕಕ್ಕೆ ಬಂತು. ಐದನೆಯ ವಾರ 110 ನಿಮಿಷ, ಆರನೆಯ ವಾರ 165.

ಬಾಂಧವ್ಯದ ಕಾಲಂ ಮಾತ್ರ ನಗೆಪಾಟಲಾಯಿತು. ವೇಳಾಪಟ್ಟಿಯಂತೆ ಹದಿನೈದು ನಿಮಿಷ ಅಕ್ಕನಿಗೆ ಫೋನ್ ಮಾಡಿದೆ. ಹದಿಮೂರನೆಯ ನಿಮಿಷಕ್ಕೆ ಅವಳು, "ಏನೋ, ಗಡಿಯಾರ ನೋಡಿಕೊಂಡು ಮಾತನಾಡುತ್ತಿದ್ದೀಯಾ?" ಎಂದಳು. ಆ ಸಾಲನ್ನು ಹೊಡೆದುಹಾಕಿದೆ. ಈಗ ಅವಳಿಗೆ ಫೋನ್ ಮಾಡುವುದು ನಡೆಯುತ್ತಿರುವಾಗ. ನಡಿಗೆ ಮುಗಿದರೂ ಮಾತು ಮುಗಿಯದೆ ಇನ್ನೊಂದು ಸುತ್ತು ಹಾಕಿದ್ದುಂಟು.

ವಾರ 7

ಆಂತರಿಕ ಪರೀಕ್ಷೆ, ಕಚೇರಿಯಲ್ಲಿ ಗಡುವು. ಐದು ದಿನ ನೋಟ್‌ಬುಕ್ ತೆರೆಯಲಿಲ್ಲ.

ಹಿಂದೆಯಾದರೆ ಅಲ್ಲಿಗೇ ಕೈಬಿಡುತ್ತಿದ್ದೆ. "21 ದಿನ ಮಾಡಿದರೆ ಅಭ್ಯಾಸ" ಎಂಬ ಮಾತು ತಲೆಯಲ್ಲಿ ಕೂತಿತ್ತು. ಅದರ ಮೂಲ, 1960ರಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರು ತಮ್ಮ ರೋಗಿಗಳು ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ಎಷ್ಟು ದಿನ ಬೇಕು ಎಂದು ಗಮನಿಸಿ ಬರೆದದ್ದು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು ಹೊಸ ಅಭ್ಯಾಸ ರೂಢಿಸಿಕೊಳ್ಳುತ್ತಿದ್ದ 96 ಮಂದಿಯನ್ನು ಗಮನಿಸಿದಾಗ ಸಿಕ್ಕ ಮಧ್ಯಾಂಕ (ಅರ್ಧ ಮಂದಿಗೆ ಇದಕ್ಕಿಂತ ಕಡಿಮೆ, ಅರ್ಧ ಮಂದಿಗೆ ಹೆಚ್ಚು) 66 ದಿನ, ವ್ಯಾಪ್ತಿ 18ರಿಂದ 254. ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂದೂ ಕಂಡಿತು. ನಾನು ತಪ್ಪಿಸಿದ್ದು ಐದು ದಿನ. ಆ ಮಾತನ್ನು ನನಗೆ ಬೇಕಾದಷ್ಟು ಹಿಗ್ಗಿಸುವಂತಿಲ್ಲ, ಆದರೂ ಆರನೆಯ ದಿನ ನಡೆಯಲು ಹೋದೆ.

ವಾರ 8–10

ಎಷ್ಟೇ ಹೊತ್ತಿಗೆ ಸರಿಯಾಗಿ ಮಲಗುತ್ತೇನೆಂದುಕೊಂಡರೂ, ತರಗತಿ ಇರುವ ದಿನ ಸಂಜೆ ಮೀಟಿಂಗ್ ಬಿದ್ದರೆ ಎಲ್ಲವೂ ತಲೆಕೆಳಗು. 2019ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯು ಕೆಲಸದಿಂದ ಪೂರ್ತಿ ಬಸವಳಿಯುವ ಸ್ಥಿತಿಯಾದ ಬರ್ನ್‌ಔಟನ್ನು ಕಾಯಿಲೆ ಎನ್ನುವುದಿಲ್ಲ. ಸರಿಯಾಗಿ ನಿಭಾಯಿಸದ, ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಔದ್ಯೋಗಿಕ ವಿದ್ಯಮಾನ ಎನ್ನುತ್ತದೆ. ಇದನ್ನು ಓದಿದ ಮೇಲೆ ಯೋಚನೆ ಬೇರೆ ದಿಕ್ಕು ಹಿಡಿಯಿತು. ಕೆಲಸದ ಜಾಗದಲ್ಲಿ ಹುಟ್ಟುವುದಕ್ಕೆ ನಾನೊಬ್ಬನೇ ಮನೆಯಲ್ಲಿ ಕೂತು ಎಷ್ಟು ಗೆರೆ ಎಳೆದರೇನು? ನೋಟ್‌ಬುಕ್ಕಿನಲ್ಲಿ ಐದನೆಯ ಕಾಲಂ ಎಳೆದು "ಕೇಳಬೇಕಾದದ್ದು" ಎಂದು ಬರೆದೆ.

ತರಗತಿಯ ಮೂರೂ ದಿನ ಐದೂವರೆಯ ನಂತರ ಮೀಟಿಂಗ್ ಬೇಡ ಎಂದು ಮ್ಯಾನೇಜರ್ ಬಳಿ ಕೇಳಿದೆ. ಕೇಳುವ ಮೊದಲು ಎರಡು ದಿನ ಮನಸ್ಸಿನಲ್ಲೇ ತಾಲೀಮು ನಡೆಸಿದ್ದೆ. ಮಾತುಕತೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಎರಡು ದಿನಕ್ಕೆ ಒಪ್ಪಿದರು, ಶುಕ್ರವಾರ ಆಗುವುದಿಲ್ಲ ಎಂದರು.

ಹತ್ತನೆಯ ವಾರದ ಕೊನೆಗೆ ಹನ್ನೊಂದು ಚಟುವಟಿಕೆಗಳಲ್ಲಿ ಉಳಿದಿರುವುದು ಎರಡು: ಮಲಗಿದ ಹೊತ್ತು, ನಡೆದ ನಿಮಿಷ. ಜೊತೆಗೆ ಹೊಸದಾಗಿ ಸೇರಿದ "ಕೇಳಬೇಕಾದದ್ದು". ಪಠ್ಯದ ಹೊರಗೆ ಏನೂ ಓದಿಲ್ಲ. ಅಂತರಂಗದ ಕಾಲಂ ಖಾಲಿಯೇ ಇದೆ, ಅಲ್ಲಿಗೆ ಸುಳ್ಳು ಟಿಕ್ ಹಾಕುವುದನ್ನಂತೂ ನಿಲ್ಲಿಸಿದ್ದೇನೆ. ಸೆಮಿಸ್ಟರ್ ಪರೀಕ್ಷೆ ಹದಿಮೂರನೆಯ ವಾರಕ್ಕಿದೆ, ಅದಕ್ಕೆ ಮುಂಚೆ ಶುಕ್ರವಾರದ ಮಾತನ್ನು ಇನ್ನೊಮ್ಮೆ ಎತ್ತಬೇಕು.