ಜಪಾನಿನಲ್ಲಿ 40 ವರ್ಷ ಹಳೆಯ ಮ್ಯಾನ್ಶನ್‌ನಲ್ಲಿ ಮನೆ ಕೊಳ್ಳಬಹುದೇ?

ಟೋಕಿಯೋ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಹೊಸ ಮ್ಯಾನ್ಶನ್ (ಜಪಾನಿನಲ್ಲಿ ಕಾಂಕ್ರೀಟಿನ ಬಹುಮಹಡಿ ಅಪಾರ್ಟ್‌ಮೆಂಟ್ ಕಟ್ಟಡಕ್ಕೆ ಹೀಗೆನ್ನುತ್ತಾರೆ) ದುಬಾರಿ, ಹಳೆಯದು ಅಗ್ಗ. ಕೊಂಡರೆ ತಪ್ಪೇನು?

ತಪ್ಪಿಲ್ಲ. ಆದರೆ ಹೊಸ ಅಡುಗೆಮನೆ, ಹೊಳೆಯುವ ನೆಲ ನೋಡಿ ಮರುಳಾಗಬೇಡಿ. ಅವನ್ನು ಯಾವಾಗ ಬೇಕಾದರೂ ಮಾಡಿಸಿಕೊಳ್ಳಬಹುದು. ಇಡೀ ಕಟ್ಟಡವನ್ನಾಗಲೀ ಅದನ್ನು ನಡೆಸುವ ಮಾಲೀಕರ ಸಂಘವನ್ನಾಗಲೀ ನೀವೊಬ್ಬರೇ ಬದಲಿಸಲಾರಿರಿ. ‘ಮ್ಯಾನ್ಶನ್ ಕೊಳ್ಳುವುದೆಂದರೆ ಅದರ ನಿರ್ವಹಣೆಯನ್ನು ಕೊಳ್ಳುವುದು’ ಎಂದು ಜಪಾನಿನವರು ಹೇಳುವುದು ಅದಕ್ಕೇ.

ಮೊದಲು ದಿನಾಂಕ. 1978ರ ಮಿಯಾಗಿ ಭೂಕಂಪದ ಬಳಿಕ ನಿಯಮ ಬಿಗಿಯಾಯಿತು. 1981ರ ಜೂನ್ 1ರಿಂದ ಹೊಸ ಭೂಕಂಪ ಮಾನದಂಡ ಜಾರಿಗೆ ಬಂತು. ಜಾಹೀರಾತಿನಲ್ಲಿ ಹಾಕುವುದು ಕಟ್ಟಡ ಮುಗಿದ ತಿಂಗಳನ್ನು. ಲೆಕ್ಕಕ್ಕೆ ಬರುವುದು ನಕ್ಷೆಗೆ ಅನುಮತಿ ಸಿಕ್ಕ ದಿನ. ದೊಡ್ಡ ಕಟ್ಟಡ ಏಳಲು ಒಂದೆರಡು ವರ್ಷ ಹಿಡಿಯುವುದರಿಂದ 1982ರಲ್ಲಿ ಮುಗಿದದ್ದೂ ಹಳೆಯ ಮಾನದಂಡದ್ದೇ ಇರಬಹುದು. ಸ್ಥಳೀಯ ಆಡಳಿತದ ಕಟ್ಟಡ ವಿಭಾಗದಲ್ಲಿ ಅನುಮತಿಯ ದಾಖಲೆ ಸಿಗುತ್ತದೆ. ಹಳೆಯ ಮಾನದಂಡದ್ದಾದರೆ ಭೂಕಂಪ ತಪಾಸಣೆ ಆಗಿದೆಯೇ, ಕಟ್ಟಡ ಭೂಕಂಪವನ್ನು ಎಷ್ಟು ತಾಳುತ್ತದೆ ಎಂದು ಹೇಳುವ ‘ಐಎಸ್’ ಮೌಲ್ಯ 0.6 ಅಥವಾ ಅದಕ್ಕಿಂತ ಹೆಚ್ಚಿದೆಯೇ ಕೇಳಿ. ತಪಾಸಣೆಯನ್ನೇ ಮಾಡಿಸದ ಸಂಘವಿದ್ದರೆ ಆ ಮನೆ ಬಿಡುವುದೇ ಮೇಲು.

ಎರಡನೆಯದು ಹಣ. ತಿಂಗಳಿಗೆ ಎರಡು ಕಂತು ಕಟ್ಟಬೇಕು: ದಿನನಿತ್ಯದ ನಿರ್ವಹಣೆಗೆ ‘ಕಾನ್ರಿಹಿ’, ಮುಂದಿನ ದುರಸ್ತಿಗೆ ‘ಶೂಜೆನ್ ತ್ಸುಮಿತಾತೆಕಿನ್’. ಸಾಮಾನ್ಯವಾಗಿ 12–15 ವರ್ಷಕ್ಕೊಮ್ಮೆ ಕಟ್ಟಡದ ಸುತ್ತ ಸಾರುವೆ ಕಟ್ಟಿ ಹೊರಗೋಡೆ, ತಾರಸಿಯನ್ನೆಲ್ಲ ರಿಪೇರಿ ಮಾಡಿಸುವ ದೊಡ್ಡ ಕೆಲಸ ಬರುತ್ತದೆ. ಭೂ-ಸಾರಿಗೆ ಸಚಿವಾಲಯದ 2021ರ ಮಾರ್ಗಸೂಚಿಯಂತೆ, 20 ಮಹಡಿಗಿಂತ ಕಡಿಮೆಯ, 5,000 ಚದರ ಮೀಟರಿಗಿಂತ ಚಿಕ್ಕ ಕಟ್ಟಡಕ್ಕೆ ದುರಸ್ತಿ ನಿಧಿಯ ಸರಾಸರಿ ತಿಂಗಳಿಗೆ ಚದರ ಮೀಟರಿಗೆ 335 ಯೆನ್. 60 ಚದರ ಮೀಟರ್ ಮನೆಗೆ ಸುಮಾರು 20,000 ಯೆನ್. ಅಂಥ ಮನೆಗೆ 6,000 ಯೆನ್ ಎಂದು ಬರೆದಿದ್ದರೆ ಅದನ್ನು ಉಳಿತಾಯವೆಂದು ತಿಳಿಯಬೇಡಿ. ಕೊರತೆಯನ್ನು ಮುಂದೆ ಕಂತು ಏರಿಸಿಯೋ, ಒಮ್ಮೆಗೇ ದೊಡ್ಡ ಮೊತ್ತ ವಸೂಲಿ ಮಾಡಿಯೋ, ಸಂಘದ ಹೆಸರಲ್ಲಿ ಸಾಲ ಮಾಡಿಯೋ ತುಂಬಲೇಬೇಕು. ಬ್ರೋಕರ್ ಮೂಲಕ ನಿರ್ವಹಣಾ ಕಂಪನಿಯಿಂದ ‘ಜೂಯೋ ಜಿಕೋ ಚೋಸಾ ಹೋಕೊಕುಶೊ’ (ಮುಖ್ಯ ವಿಷಯಗಳ ತನಿಖಾ ವರದಿ) ತರಿಸಿ. ನಿಧಿಯಲ್ಲಿ ಎಷ್ಟಿದೆ, ಸಾಲವೆಷ್ಟು, ಎಷ್ಟು ಬಾಕಿ, ಕಂತು ಏರಿಸುವ ತೀರ್ಮಾನವಾಗಿದೆಯೇ, ಎಲ್ಲ ಅದರಲ್ಲಿರುತ್ತದೆ. ಮಾರುವವರು ಉಳಿಸಿಕೊಂಡ ಬಾಕಿಯನ್ನು ಕಾನೂನಿನ ಪ್ರಕಾರ ಕೊಂಡವರಿಂದಲೂ ವಸೂಲಿ ಮಾಡಬಹುದು, ಇದನ್ನು ಮರೆಯಬೇಡಿ. ದೀರ್ಘಾವಧಿ ದುರಸ್ತಿ ಯೋಜನೆ ಮತ್ತು ಮಹಾಸಭೆಯ ನಡಾವಳಿಯನ್ನೂ ಕೇಳಿ. ಕಟ್ಟಡದ ನಿಜವಾದ ಜಗಳಗಳೆಲ್ಲ ಸಿಗುವುದು ನಡಾವಳಿಯಲ್ಲೇ.

ಮೂರನೆಯದು ಪೈಪು. ಕಣ್ಣಿಗೆ ಬೀಳದ ಕಾರಣ ಹೆಚ್ಚಿನವರು ಎಡವುವುದು ಇಲ್ಲೇ. ಆ ಕಾಲದ ನೀರಿನ ಪೈಪುಗಳು ಹೆಚ್ಚಾಗಿ ಉಕ್ಕಿನವು, ಒಳಗಿಂದ ತುಕ್ಕು ಹಿಡಿಯುತ್ತವೆ. ಬಿಸಿನೀರಿನ ತಾಮ್ರದ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಕೆಳಮನೆಯ ಸೂರು ನೆನೆಯುತ್ತದೆ. ಕೆಲವು ಹಳೆಯ ಕಟ್ಟಡಗಳಲ್ಲಿ ನಿಮ್ಮ ಬಚ್ಚಲಿನ ನೀರು ಹೋಗುವ ಪೈಪು ಸ್ಲ್ಯಾಬಿನ ಕೆಳಗೆ, ಅಂದರೆ ಕೆಳಮನೆಯ ಸೂರಿನೊಳಗೆ, ಹಾದುಹೋಗಿರುತ್ತದೆ. ಅದನ್ನು ಬದಲಿಸಲು ಅವರ ಸೂರು ಬಿಚ್ಚಬೇಕು. ‘ಪೂರ್ತಿ ನವೀಕರಿಸಲಾಗಿದೆ’ ಎಂದಿದ್ದರೆ ಪೈಪನ್ನೂ ಬದಲಿಸಿದ್ದಾರೆಯೇ ಎಂದು ಬರಹದಲ್ಲೇ ಕೇಳಿ, ಗೋಡೆಕಾಗದವಷ್ಟೇ ಹೊಸದಾಗಿರುವುದುಂಟು.

ನವೀಕರಣ ಮಾಡಿಸುವವರು ಸಂಘದ ನಿಯಮಾವಳಿ ಓದಲೇಬೇಕು. ಕಿಟಕಿ, ಬಾಲ್ಕನಿ, ಮುಂಬಾಗಿಲಿನ ಹೊರಮೈ ಎಲ್ಲರಿಗೂ ಸೇರಿದ್ದು, ನೀವಾಗಿ ಬದಲಿಸುವಂತಿಲ್ಲ. ಚಳಿ ತಡೆಯಲು ಒಳಗಡೆ ಇನ್ನೊಂದು ಕಿಟಕಿ ಕೂರಿಸುವುದೇ ವಾಡಿಕೆಯ ದಾರಿ. ಮರದ ನೆಲಕ್ಕೆ ‘ಎಲ್‌ಎಲ್-45’ ಶಬ್ದನಿರೋಧಕ ದರ್ಜೆ ಕೇಳುವುದು ಸಾಮಾನ್ಯ. ಗೋಡೆಗಳೇ ಭಾರ ಹೊರುವ ಕಟ್ಟಡದಲ್ಲಿ ಎರಡು ಕೋಣೆ ಒಂದು ಮಾಡಲಾಗದು. ವಿದ್ಯುತ್ತೂ ಮನೆಗೆ 30–40 ಆಂಪಿಯರ್ ಎಂದು ಮಿತಿಯಲ್ಲಿರಬಹುದು.

ಭಾರತೀಯರು ಹೆಚ್ಚಾಗಿರುವ ಟೋಕಿಯೋದ ನಿಶಿ-ಕಸಾಯ್ ತಗ್ಗು ಪ್ರದೇಶ. ಪ್ರವಾಹ ನಕ್ಷೆ ನೋಡಿ, ವಿದ್ಯುತ್ ಕೋಣೆ ಯಾವ ಮಟ್ಟದಲ್ಲಿದೆ ಎಂದು ಕೇಳಿ.

ಬ್ರೋಕರ್ ಕಮಿಷನ್ ಸಾಮಾನ್ಯವಾಗಿ ಹೆಚ್ಚೆಂದರೆ ಬೆಲೆಯ 3 ಶೇಕಡಾ, ಮೇಲೆ 60,000 ಯೆನ್, ಅದಕ್ಕೆ ತೆರಿಗೆ. ಮುಂಗಡ 5–10 ಶೇಕಡಾ. ಕಾಯಂ ನಿವಾಸದ ಪರವಾನಗಿ ಇಲ್ಲದವರಿಗೆ ಸಾಲ ಕೊಡದ ಬ್ಯಾಂಕುಗಳೇ ಹೆಚ್ಚು. ಹಾಗಾಗಿ ಸಾಲ ಸಿಗದಿದ್ದರೆ ಮುಂಗಡ ವಾಪಸ್ ಎಂಬ ಷರತ್ತು ಒಪ್ಪಂದದಲ್ಲಿ ಇರಲೇಬೇಕು. ದೋಷಕ್ಕೆ ಮಾರುವವರ ಹೊಣೆ ಎಷ್ಟು ಕಾಲ ಎಂಬುದನ್ನೂ ನೋಡಿ: ರಿಯಲ್ ಎಸ್ಟೇಟ್ ಕಂಪನಿಯಾದರೆ ಕನಿಷ್ಠ 2 ವರ್ಷ, ಖಾಸಗಿ ವ್ಯಕ್ತಿಯಾದರೆ ಹೆಚ್ಚಾಗಿ 3 ತಿಂಗಳಷ್ಟೇ. ಒಪ್ಪಂದಕ್ಕೆ ಮುನ್ನ ಬ್ರೋಕರ್ ಕಡೆಯವರು ಓದಿ ಹೇಳಬೇಕಾದ ‘ಮುಖ್ಯ ವಿಷಯಗಳ ವಿವರಣೆ’ ಎಂಬ ಪತ್ರವನ್ನು ಸಹಿ ಹಾಕುವ ದಿನವೇ ಗಡಿಬಿಡಿಯಲ್ಲಿ ಓದಿಬಿಡುವುದು ರೂಢಿ. ಅದರ ಕರಡು ಪ್ರತಿಯನ್ನು ಒಂದು ವಾರ ಮೊದಲೇ ಕೇಳಿ ಪಡೆದು, ಜಪಾನಿ ಚೆನ್ನಾಗಿ ಬಲ್ಲವರ ಜೊತೆ ಕೂತು ಓದಿ.