ಕಡಲೆಕಾಯಿ ಪರಿಷೆಗೆ ಗಾಡಿ ಬೇಡ, ಮೆಟ್ರೊ ಹಿಡಿಯಿರಿ

ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕೊನೆಯ ಸೋಮವಾರ. ಈಗೀಗ ಅದಕ್ಕೆ ಮುಂಚೆಯೇ ಅಂಗಡಿಗಳು ಕೂರುತ್ತವೆ. ಪರಿಷೆ ಜೋರಾಗಿದ್ದಾಗ ಬುಲ್ ಟೆಂಪಲ್ ರಸ್ತೆಗೆ ಗಾಡಿ ಬಿಡುವುದಿಲ್ಲ. ಪಾರ್ಕಿಂಗ್ ಹುಡುಕುತ್ತಾ ಸುತ್ತಲಿನ ಗಲ್ಲಿಗಳಲ್ಲಿ ಗಿರಕಿ ಹೊಡೆಯುವವರಿಂದಲೇ ಅರ್ಧ ಜಾಮ್ ಆಗುತ್ತದೆ. ಅದಕ್ಕೇ ವೈಟ್‌ಫೀಲ್ಡ್ ಕಡೆಯಿಂದ ನಾವು ಮನೆಮಂದಿಯೆಲ್ಲ ಮೆಟ್ರೊದಲ್ಲೇ ಹೋದೆವು.

ದಾರಿ ಸುಲಭ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗಕ್ಕೆ ಬದಲಾಯಿಸಿ. ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಆದ ಮೇಲೆ ನ್ಯಾಷನಲ್ ಕಾಲೇಜ್, ಅಲ್ಲೇ ಇಳಿಯಿರಿ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೂ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಇದೆ. ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹಿಡಿದರೆ ನಾಲ್ಕನೇ ಸ್ಟೇಷನ್ ಅದೇ. ಸೋಮವಾರವೇ ಹೋಗುವುದಾದರೆ ಆಫೀಸ್ ರಶ್ ಇಳಿದ ಮೇಲೆ ಹೊರಡಿ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ದೂರದಿಂದ ಬರುವ ನಾಲ್ಕು ಜನರ ಕುಟುಂಬಕ್ಕೆ ಹೋಗಿ ಬರಲು ಏಳುನೂರರ ಹತ್ತಿರ ಆಗುತ್ತದೆ. ಇಷ್ಟಾದರೆ ಜನ ಸ್ಕೂಟರ್ ತೆಗೆಯದೆ ಇನ್ನೇನು ಮಾಡುತ್ತಾರೆ? ಹೊಗೆ ಕಡಿಮೆ ಆಗಬೇಕು ಅಂತ ಸುಮ್ನೆ ಬೋರ್ಡ್ ಹಾಕಿದರೆ ಸಾಲದು, ಟಿಕೆಟ್ ಜೇಬಿಗೆ ಹಗುರವಾಗಿರಬೇಕು. ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ, ಆಧಾರ್ ಇಟ್ಟುಕೊಂಡಿರಿ. ಎಸಿ ಬಸ್ಸಿಗೆ ಇದು ಇಲ್ಲ.

ಸ್ಟೇಷನ್‌ನಿಂದ ಗಾಂಧಿ ಬಜಾರ್ ಹಾದು ರಾಮಕೃಷ್ಣ ಆಶ್ರಮದ ಕಡೆ ನಡೆಯಿರಿ. ಅಲ್ಲಿಂದಲೇ ಜನಸಾಗರ. ವಯಸ್ಸಾದವರಿದ್ದರೆ ನಿಧಾನಕ್ಕೆ ಕರೆದುಕೊಂಡು ಹೋಗಿ. ಸ್ಟೇಷನ್‌ನಲ್ಲಿ ಲಿಫ್ಟ್ ಇದೆ, ಹೊರಗಿನ ಫುಟ್‌ಪಾತ್ ಮಾತ್ರ ಎಲ್ಲ ಕಡೆ ಒಂದೇ ಸಮ ಇಲ್ಲ. ನಮ್ಮತ್ತೆಗೆ ಆಟೊ ಕೇಳಿದರೆ ಅಷ್ಟು ದೂರಕ್ಕೆ ಯಾರೂ ಒಪ್ಪಲಿಲ್ಲ. ಎರಡು ಕಡೆ ಕೂತು, ಕಾಫಿ ಕುಡಿದು ತಲುಪಿದೆವು.

ಬೇರೆ ದಿನ ಈ ರಸ್ತೆಯಲ್ಲಿ ಹಾರ್ನ್ ಬಿಟ್ಟು ಇನ್ನೇನೂ ಕೇಳುವುದಿಲ್ಲ, ಅಲ್ವಾ? ಪರಿಷೆಯಲ್ಲಿ ಮಕ್ಕಳ ಪೀಪಿ, ಬಾಣಲೆಯ ಮರಳಲ್ಲಿ ಕಾಯಿ ಹುರಿಯುವ ಚಟಪಟ. ಗಾಡಿಯ ಭಯವಿಲ್ಲದೆ ಪುಟ್ಟ ಮಗುವಿನ ಕೈ ಹಿಡಿದು ನಡುರಸ್ತೆಯಲ್ಲಿ ನಡೆಯಬಹುದು. ಒಬ್ಬ ಅಜ್ಜಿ ಸೇರು ತುಂಬಿ, ಮೇಲೆ ಗೋಪುರ ಕಟ್ಟಿ, ಅದು ಜಾರುವ ಮೊದಲೇ ಚೀಲಕ್ಕೆ ಸುರಿದರು. ಕೇಳದೆಯೇ ಒಂದು ಹಿಡಿ ಕೊಸರು ಹಾಕಿದರು.

ಬಟ್ಟೆ ಚೀಲ ಎರಡು ತನ್ನಿ, ಹಸಿ ಕಾಯಿಗೊಂದು, ಹುರಿದದ್ದಕ್ಕೊಂದು. ಬೇಯಿಸಿದ್ದನ್ನು ಅಲ್ಲೇ ತಿಂದು ಮುಗಿಸಿ, ಮೆಟ್ರೊ ಒಳಗೆ ತಿನ್ನುವ ಹಾಗಿಲ್ಲ. ಚೀಲ ಸ್ಕ್ಯಾನ್ ಮಾಡಿಸಬೇಕು, ಅದಕ್ಕೆ ಬಾಯಿ ಗಟ್ಟಿಯಾಗಿ ಕಟ್ಟಿಕೊಳ್ಳಿ.